ನೂಲು ಮತ್ತು ರಬ್ಬರಿನ ಬೆಸುಗೆ: ಭಾಂಡುಪಿನ ಉದ್ಯಮಚರಿತ್ರೆಯ ಒಂದು ಪುಟ

ಮುಂಬಯಿಯ ಕೈಗಾರಿಕೆಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಗಿರಣಗಾಂವದ ಹತ್ತಿಗಿರಣಿಗಳ ಬಳಿಯೇ ನಿಂತುಬಿಡುತ್ತಾರೆ. ಭಾಂಡುಪಿನವರೆಗೆ ಬಂದವರು ವಿರಳ. ಬಂದವರೂ ಅಲ್ಲಿಯ ಟೈರು ಕಾರ್ಖಾನೆಯನ್ನು ಕೇವಲ ರಬ್ಬರಿನ ಉದ್ಯಮವೆಂದು ಬಗೆದು ಮುಂದೆ ಸಾಗುವರು. ಆದರೆ ಟೈರಿನಲ್ಲಿ ಎಳೆತವನ್ನು ತಾಳುವುದು ಒಳಗಣ ನೂಲು. ರಬ್ಬರು ಆ ನೂಲನ್ನು ಕಾಪಾಡಿ ರಸ್ತೆಯನ್ನು ಕಚ್ಚುತ್ತದೆ. ನಾರಿನಿಂದ ಬಲಪಡಿಸಿದ ಪಾಲಿಮರ್ ಎಂದು ಇಂದಿನ ವಿಜ್ಞಾನಿಗಳು ಕರೆಯುವ ವಸ್ತುಗಳ ಕುಲಕ್ಕೇ ಟೈರೂ ಸೇರಿದ್ದು.

1888ರಲ್ಲಿ ಡನ್‌ಲಪ್ ತನ್ನ ಗಾಳಿಟೈರಿಗೆ ಬಟ್ಟೆಯನ್ನೇ ಬಳಸಿದನು. ಹಾಸು ಹೊಕ್ಕುಗಳು ಕೂಡುವೆಡೆಯಲ್ಲಿ ಒಂದನ್ನೊಂದು ಗರಗಸದಂತೆ ಸವೆಯಿಸಿದುದರಿಂದ, ಮುಂದೆ ನೂಲುಗಳನ್ನು ಸಮಾನಾಂತರವಾಗಿ ಇರಿಸಿ ನಡುವೆ ರಬ್ಬರನ್ನು ತುಂಬುವ ಪದ್ಧತಿ ಬಂದಿತು. ಹತ್ತಿಯ ನೂಲು ಮೈತುಂಬ ರೋಮವುಳ್ಳದ್ದು. ಆ ರೋಮಗಳೇ ರಬ್ಬರನ್ನು ಹಿಡಿದುಕೊಳ್ಳುತ್ತಿದ್ದವು. 1930ರ ದಶಕದಲ್ಲಿ ಹೆಚ್ಚು ಬಲದ, ಕಾವನ್ನು ತಾಳುವ ರೇಯಾನ್ ಬಂದಾಗ ಅನಿರೀಕ್ಷಿತವಾದ ತೊಡಕೊಂದು ತಲೆದೋರಿತು. ಅದರ ಮೈ ನುಣುಪು. ರಬ್ಬರು ಅದರಿಂದ ಸುಲಿದುಬರುತ್ತಿತ್ತು. ಬಲವಾದ ನೂಲಿನಿಂದ ಬಲವಾದ ಟೈರು ತಾನಾಗಿ ಹುಟ್ಟಲಿಲ್ಲ.

ಇದಕ್ಕೆ ದೊರೆತ ಪರಿಹಾರ ಒಂದು ಅಂಟು. ರಿಸಾರ್ಸಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದಾದ ರಾಳವನ್ನು ರಬ್ಬರಿನ ಹಾಲಿನೊಡನೆ ಬೆರೆಸಿ, ಅದರಲ್ಲಿ ನೂಲನ್ನು ಅದ್ದಿ, ಎಳೆದು ಹಿಡಿದು ಕಾಯಿಸುವರು. ರಾಳವು ನೂಲಿಗೆ ಅಂಟುತ್ತದೆ. ಹಾಲಿನಲ್ಲಿಯ ರಬ್ಬರು ಟೈರಿನ ರಬ್ಬರಿನೊಡನೆ ಗಂಧಕದ ಪಾಕದಲ್ಲಿ ಒಂದಾಗುತ್ತದೆ. ಮುಂದೆ ಟೈರಿಗೆ ಬಂದ ನೈಲಾನೂ ಇದೇ ಉಪಾಯಕ್ಕೆ ಶರಣಾಯಿತು. ನನ್ನ ಮಟ್ಟಿಗೆ ಟೈರಿನ ಬಲವರ್ಧನೆಯ ನಿಜವಾದ ತಿರುವು ಇದೇ. ಸಾಲದ ಅರ್ಜಿಗಳನ್ನು ಓದುವ ಬ್ಯಾಂಕಿನವರ ಕಣ್ಣಿಗೆ ಯಂತ್ರಗಳ ಬೆಲೆ ಬೀಳುವಂತೆ ಅಂಟಿನ ಮಹಿಮೆ ಬೀಳುವುದಿಲ್ಲ. ಚರಿತ್ರಕಾರರದೂ ಅದೇ ಗತಿಯಾಗಿದೆ.

ಇಟಲಿಯ ಟ್ಯೂರಿನ್ ನಗರದಲ್ಲಿ 1924ರಲ್ಲಿ ಹುಟ್ಟಿದ ಸಿಯೆಟ್, ಮೂಲತಃ ವಿದ್ಯುತ್ ಕೇಬಲ್ಲುಗಳ ಸಂಸ್ಥೆ. ಅದರ ಭಾರತೀಯ ಟೈರು ಕಂಪೆನಿ 1958ರಲ್ಲಿ, ಟಾಟಾ ಸಮೂಹದ ಸಹಯೋಗದಿಂದ, ಮುಂಬಯಿಯಲ್ಲಿ ಸ್ಥಾಪಿತವಾಯಿತು; ಅದರ ಕಾರ್ಖಾನೆಯ ನೆಲೆ ಭಾಂಡುಪು. ಇಲ್ಲಿಯ ಮಳೆಗಾಲವನ್ನು ಬಲ್ಲವರಿಗೆ ಒಂದು ಸಂಗತಿ ಬೇಗ ಮನದಟ್ಟಾದೀತು: ನೂಲು ತೇವವನ್ನು ಹೀರಿದರೆ ಟೈರನ್ನು ಬೇಯಿಸುವಾಗ ಅದು ಆವಿಯಾಗಿ ಪದರಗಳನ್ನು ಬಿಡಿಸಬಲ್ಲದು. ನೂಲನ್ನು ಒಣಗಿರುವಂತೆ ಕಾಯುವ ಕೆಲಸಗಾರನೂ ಟೈರಿನ ಬಲಕ್ಕೆ ಕಾರಣನೇ.

ಉಕ್ಕಿನ ತಂತಿಯ ರೇಡಿಯಲ್ ಟೈರುಗಳಲ್ಲಿಯೂ ಸಮಸ್ಯೆ ಬದಲಾಗಲಿಲ್ಲ. ಅಲ್ಲಿ ತಂತಿಗೆ ಹಿತ್ತಾಳೆಯ ತೆಳುಲೇಪ. ಅದರೊಳಗಣ ತಾಮ್ರವು ರಬ್ಬರಿನ ಗಂಧಕದೊಡನೆ ಕೂಡಿ ಬೆಸುಗೆಯಾಗುತ್ತದೆ. ತಾಮ್ರದ ಅಂಶ ಮಿತಿಮೀರಿದರೆ ತೇವದಲ್ಲಿ ಆ ಬೆಸುಗೆ ಬೇಗ ಸಡಿಲುವುದು.

ಭಾಂಡುಪಿನ ಇತರ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಏಷ್ಯನ್ ಪೇಂಟ್ಸ್ ಇಲ್ಲಿಯ ಬಣ್ಣದ ತಯಾರಿಕೆಯನ್ನು 2014ರಲ್ಲಿ ನಿಲ್ಲಿಸಿತು. ನೇಕಾರರ ನೆನಪುಗಳನ್ನು ಬರೆದಿಟ್ಟುಕೊಂಡ ನಗರದಲ್ಲಿ, ಅಂಟನ್ನು ಕದಡಿದವರ, ಕಾವನ್ನು ನೋಡಿಕೊಂಡವರ ಮಾತುಗಳನ್ನು ಸಂಗ್ರಹಿಸುವ ಕಾರ್ಯ ಇನ್ನು ತಡವಾಗಬಾರದು. ಅವರಲ್ಲಿ ಹಲವರು ಈಗ ಎಂಬತ್ತನ್ನು ದಾಟಿರಬೇಕು.