ಬತ್ಷೆಬೆಯ ಎರಡು ಪದ

ಬೈಬಲಿನ ಎರಡನೆಯ ಸಮುವೇಲನ 11ನೇ ಅಧ್ಯಾಯದಲ್ಲಿ ಬತ್ಷೆಬೆಯ ಮಾತು ಬರುವುದು ಒಂದೇ ಸಲ. ಅದೂ ಎದುರು ನಿಂತು ಆಡಿದ್ದಲ್ಲ, ಅರಸ ದಾವೀದನಿಗೆ ಹೇಳಿಕಳಿಸಿದ್ದು. ಹೀಬ್ರೂ ಮೂಲದಲ್ಲಿ ಅದು ಎರಡೇ ಪದ: ಮೊದಲು ‘ಬಸುರಿ’, ಆಮೇಲೆ ‘ನಾನು’. ಕನ್ನಡಕ್ಕೂ ಇಲ್ಲಿ ಮೂರನೆಯ ಪದ ಬೇಕಿಲ್ಲ. ಆಕೆಯ ಕತೆಯನ್ನು ಕಾದಂಬರಿಯಾಗಿ ಬೆಳೆಸಿದವರೆಲ್ಲ ಈ ಎರಡು ಪದಗಳ ಆಚೀಚಿನ ಮೌನವನ್ನು ತುಂಬಲು ಹೊರಟವರೇ. ತುಂಬುವುದು ತಪ್ಪಲ್ಲ, ಕಾದಂಬರಿಯ ಕಸುಬೇ ಅದು. ಏನನ್ನು ತುಂಬುತ್ತಾರೆ ಎಂಬುದಷ್ಟೇ ಇಲ್ಲಿನ ವಿಚಾರ.

ಅಮೆರಿಕದ ಕ್ರೈಸ್ತ ಕಾದಂಬರಿಗಾರ್ತಿ ಫ್ರಾನ್ಸೀನ್ ರಿವರ್ಸ್ 2000–2001ರಲ್ಲಿ ಐದು ಕಿರುಕಾದಂಬರಿಗಳನ್ನು ಪ್ರಕಟಿಸಿದರು. ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ವಂಶಾವಳಿಯ ಐವರು ಸ್ತ್ರೀಯರೇ ಅವುಗಳ ನಾಯಕಿಯರು. ಬತ್ಷೆಬೆಯ ಪುಸ್ತಕದ ಹೆಸರು ‘ಅನ್‌ಸ್ಪೋಕನ್’, ಅಂದರೆ ಆಡದೆ ಉಳಿದದ್ದು. ರಿವರ್ಸ್ ಅವರ ಬತ್ಷೆಬೆ ಬಾಲ್ಯದಲ್ಲೇ ದಾವೀದನಿಗೆ ಮನಸೋತವಳು. ಇದು ಬುಡವೇ ಇಲ್ಲದ ಊಹೆಯಲ್ಲ. ಆಕೆ ಎಲೀಯಾಮನ ಮಗಳು ಎನ್ನುತ್ತದೆ 11:3. 23ನೇ ಅಧ್ಯಾಯದಲ್ಲಿ ದಾವೀದನ ಪರಾಕ್ರಮಿಗಳ ಪಟ್ಟಿಯಲ್ಲಿ ಅಹೀತೋಫೆಲನ ಮಗ ಎಲೀಯಾಮನೂ ಇದ್ದಾನೆ, ಆಕೆಯ ಗಂಡ ಊರೀಯನೂ ಇದ್ದಾನೆ. ಎಲೀಯಾಮರಿಬ್ಬರೂ ಒಬ್ಬನೇ ಆಗಿದ್ದರೆ ಹುಡುಗಿ ದಾವೀದನ ಪಾಳೆಯವನ್ನು ಕಂಡು ಬೆಳೆದಿರಬಹುದು. ನಂಟಿಗೆ ಇಷ್ಟು ಆಧಾರ ಸಾಕು. ಪ್ರೇಮಕ್ಕೆ ಸಾಲದು.

ಮಾಳಿಗೆಯ ವಿಷಯವೂ ಹೀಗೆಯೇ. ಆಕೆ ಮಾಳಿಗೆಯ ಮೇಲೆ ಸ್ನಾನ ಮಾಡುತ್ತಿದ್ದಳೆಂದು ಎಷ್ಟೋ ಜನ ನಂಬಿದ್ದಾರೆ. ಪಠ್ಯದಲ್ಲಿ ಮಾಳಿಗೆಯ ಮೇಲಿದ್ದು ಅಲ್ಲಿಂದ ಆಕೆಯನ್ನು ಕಂಡವನು ಅರಸ, ಆಕೆ ಎಲ್ಲಿದ್ದಳೆಂದು ಹೇಳಿಯೇ ಇಲ್ಲ. ಚಿತ್ರಕಾರ ರೆಂಬ್ರಾಂಟನೂ ಹೀಗೆ ತುಂಬಿದವನೇ; 1654ರ ಚಿತ್ರದಲ್ಲಿ (ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ) ಆಕೆಯ ಕೈಗೆ ಒಂದು ಕಾಗದ ಕೊಟ್ಟ. ಆ ಅಧ್ಯಾಯದಲ್ಲಿರುವ ಕಾಗದ ಒಂದೇ. ಗಂಡನನ್ನು ಕೊಲ್ಲಿಸಲು ದಾವೀದ ಸೇನಾಪತಿ ಯೋವಾಬನಿಗೆ ಬರೆದು, ಆ ಗಂಡನ ಕೈಯಲ್ಲೇ ಕಳಿಸಿದ್ದು.

ಪ್ರೇಮವನ್ನು ಸೇರಿಸಿದರೆ ಕೆಡುವುದು ಪ್ರವಾದಿ ನಾತಾನ ಆಮೇಲೆ ದಾವೀದನಿಗೆ ಹೇಳಿದ ಸಾಮ್ಯ. ಬಡವನ ಕುರಿಮರಿ ಅವನ ತುತ್ತನ್ನು ತಿಂದು, ಅವನ ಬಟ್ಟಲಲ್ಲಿ ಕುಡಿದು, ಅವನ ಮಡಿಲಲ್ಲಿ ಮಲಗುತ್ತಿತ್ತು. ಹೆಂಡತಿಯ ಬಳಿಗೆ ಹೋಗಲೊಲ್ಲದ ಊರೀಯನ ಬಾಯಲ್ಲಿ ಬಂದದ್ದೂ ಇವೇ ಮೂರು ಕ್ರಿಯೆಗಳು: ತಿನ್ನುವುದು, ಕುಡಿಯುವುದು, ಮಲಗುವುದು. ಕುರಿ ಬಡವನಿಗೆ ಮಗಳಂತಿತ್ತು, ಹೀಬ್ರೂವಿನಲ್ಲಿ ‘ಬತ್’. ಬತ್ಷೆಬೆಯ ಹೆಸರಿನ ಮೊದಲ ಭಾಗವೂ ಅದೇ. ಒಬ್ಬ ಐಶ್ವರ್ಯವಂತ ಆ ಕುರಿಯನ್ನು ‘ತೆಗೆದುಕೊಂಡ’. ದಾವೀದ ಆಕೆಯನ್ನು ಕರೆಸಿಕೊಂಡಾಗಲೂ ಕ್ರಿಯಾಪದ ಇದೇ. ಅರಸನು ಏನೇನನ್ನು ತೆಗೆದುಕೊಳ್ಳುವನೆಂದು ಹಿಂದೆ ಪ್ರವಾದಿ ಸಮುವೇಲ ಎಚ್ಚರಿಸಿದಾಗಲೂ ಇದೇ. ಕುರಿ ತಾನಾಗಿ ಐಶ್ವರ್ಯವಂತನ ಮನೆಗೆ ನಡೆದು ಹೋಗಲಿಲ್ಲ. ಎಳವೆಯಿಂದಲೂ ದಾವೀದನನ್ನೇ ಬಯಸಿದ್ದ ನಾಯಕಿಯನ್ನು ಇಲ್ಲಿ ತಂದು ನಿಲ್ಲಿಸಿದರೆ, ನಾತಾನ ಅವನೊಬ್ಬನ ಮೇಲೆ ಹೊರಿಸಿದ ತಪ್ಪು ಇಬ್ಬರಿಗೆ ಹಂಚಿಹೋಗುತ್ತದೆ.

ಹಾಗೆಂದು ಆಕೆ ಕೊನೆಯವರೆಗೂ ಮೂಕಿಯಲ್ಲ. ಒಂದನೆಯ ಅರಸುಗಳ ಮೊದಲ ಅಧ್ಯಾಯದಲ್ಲಿ ಮುದಿ ದಾವೀದನ ಮುಂದೆ ಐದು ವಚನಗಳುದ್ದ ಮಾತಾಡುತ್ತಾಳೆ. ಮಗ ಸೊಲೊಮೋನನೇ ಪಟ್ಟಕ್ಕೆ ಬರುವನೆಂದು ನೀನು ಆಣೆಯಿಟ್ಟಿದ್ದೆಯಲ್ಲ ಎಂದು ನೆನಪಿಸುತ್ತಾಳೆ. ಆ ಆಣೆ ಸಮುವೇಲನ ಪುಸ್ತಕಗಳಲ್ಲಿ ಎಲ್ಲೂ ದಾಖಲಾಗಿಲ್ಲ. ಹಾಗೆ ಕೇಳೆಂದು ಹೇಳಿಕೊಟ್ಟವನು ನಾತಾನ. ಆದರೆ ದಾವೀದನ ಇನ್ನೊಬ್ಬ ಮಗ ಅದೋನೀಯನು ಅರಸನಾದರೆ ತನ್ನನ್ನೂ ಮಗನನ್ನೂ ಅಪರಾಧಿಗಳೆಂದು ಎಣಿಸುವರೆಂಬ ಮಾತು ನಾತಾನನ ಪಾಠದಲ್ಲಿ ಇರಲಿಲ್ಲ, ಅದು ಆಕೆಯದೇ ಸೇರ್ಪಡೆ. ನನ್ನ ಮಟ್ಟಿಗೆ ಬತ್ಷೆಬೆಯ ಕಾದಂಬರಿ ಮಾಳಿಗೆಯಿಂದಲ್ಲ, ಈ ಕೋಣೆಯಿಂದ ಶುರುವಾಗಬೇಕು.

ಮತ್ತಾಯನ ವಂಶಾವಳಿಯಲ್ಲಿ ತಾಮಾರ್, ರಾಹಾಬ್, ರೂತ್, ಮರಿಯ ಎಂಬ ಹೆಸರುಗಳಿವೆ. ಸೊಲೊಮೋನನ ತಾಯಿಯ ಹೆಸರಿಲ್ಲ. ಗ್ರೀಕ್ ಮೂಲದಲ್ಲಿ ‘ಹೆಂಡತಿ’ ಎಂಬ ಪದವೂ ಇಲ್ಲ. ಆಕೆ ಅಲ್ಲಿ ಬರೀ ‘ಊರೀಯನವಳು’.