ಅಕ್ಷರಗುಂಡು: ಓದಲು ಬಾರದವರು ಇಟ್ಟ ಹೆಸರು

ಚಳ್ಳಕೆರೆ, ಮೊಳಕಾಲ್ಮೂರು ಅಂದ ತಕ್ಷಣ ಏನು ನೆನಪಾಗುತ್ತೆ? ಶೇಂಗಾ, ಎಣ್ಣೆ ಮಿಲ್ಲು, ರೇಷ್ಮೆ ಸೀರೆ, ಇಲ್ಲಾ ಬರಗಾಲ. ಇವತ್ತು ಆ ಕಡೆಯ ಒಂದು ಕಲ್ಲುಬೆಟ್ಟದ ಕಥೆ ಕೇಳೋಣ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ದೊಡ್ಡ ಬಂಡೆ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದರ ಮೇಲಿನ ಬರಹ ಅಶೋಕ ಚಕ್ರವರ್ತಿಯ ಶಾಸನ ಅಂತ ಗುರುತಿಸಿದರು. ಕ್ರಿ.ಪೂ. 3ನೇ ಶತಮಾನದ್ದು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಶಾಸನದ ಪ್ರತಿಗಳು ಸಿಕ್ಕವು.

ಒಳಗೇನಿದೆ? ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬಂದ ಆದೇಶ ಇದು. ಹೆಡ್ ಆಫೀಸಿನ ಸುತ್ತೋಲೆ ರೀಜನಲ್ ಆಫೀಸ್ ದಾಟಿ ಬ್ರಾಂಚಿಗೆ ಬರುತ್ತಲ್ಲ, ಹಾಗೆ. ಮೊದಲು ಅಧಿಕಾರಿಗಳ ಆರೋಗ್ಯ ವಿಚಾರಿಸುತ್ತೆ, ಆಮೇಲೆ ವಿಷಯಕ್ಕೆ ಬರುತ್ತೆ. ತಂದೆ ತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ. ಇನ್ನೊಂದು ಮಾತೂ ಇದೆ: ಸ್ವರ್ಗ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತೆ.

ಕೊನೆಯಲ್ಲಿ ಬರೆದವನ ಸಹಿ ಇದೆ. ಹೆಸರು ಚಪಡ. 'ಲಿಪಿಕಾರ' ಅನ್ನೋ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ನಮ್ಮ ಬಯಲುಸೀಮೆಯ ಬಂಡೆ ಮೇಲೆ ಕೂತಿದೆ!

ಹಾಗಂತ ಇಲ್ಲಿನ ಚರಿತ್ರೆ ಮೌರ್ಯರಿಂದ ಶುರುವಾಗಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬೆಟ್ಟದ ಬುಡದಲ್ಲಿ ಅಗೆಸಿದಾಗ ನಯಮಾಡಿದ ಕಲ್ಲಿನ ಕೊಡಲಿಗಳು, ಕಬ್ಬಿಣ ಬಳಸುತ್ತಿದ್ದವರ ಕಲ್ಲುಗೋರಿಗಳು ಸಿಕ್ಕವು. ಜನ ಮೊದಲಿಂದಲೂ ಇದ್ದರು. ಆದೇಶ ಆಮೇಲೆ ಬಂತು.

ಕಾಲ ಕಳೆದ ಹಾಗೆ ಬ್ರಾಹ್ಮಿ ಓದೋದು ದೇಶಕ್ಕೇ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸುವವರೆಗೂ ಪಂಡಿತರಿಗೂ ಅದು ಒಗಟೇ. ಇಸಿಲ ಅನ್ನೋ ಹೆಸರೂ ಅಳಿಸಿಹೋಯಿತು. ಆದರೆ ರೈಸ್ ಬರುವ ಹೊತ್ತಿಗೆ ಊರವರು ಆ ಬಂಡೆಯನ್ನು ಕರೀತಿದ್ದದ್ದು 'ಅಕ್ಷರಗುಂಡು' ಅಂತ. ಒಂದಕ್ಷರ ಓದಲು ಬರದಿದ್ದರೂ, ಅವು ಗೀರುಗಳಲ್ಲ, ಅಕ್ಷರಗಳು ಅನ್ನೋದು ಅವರಿಗೆ ಗೊತ್ತಿತ್ತು.

ಜಟಿಂಗ ರಾಮೇಶ್ವರದ ಬಂಡೆಗೆ ಈ ಅದೃಷ್ಟ ಇರಲಿಲ್ಲ. ಜಾತ್ರೆಯಲ್ಲಿ ಬಳೆ ಮಾರುವವರು ಕೂರುತ್ತಿದ್ದ ಜಾಗ, ಹೆಸರು 'ಬಳೆಗಾರ ಗುಂಡು'. ಅಲ್ಲಿನ ಬರಹ ತೀರಾ ಸವೆದಿದೆ.

'ರೈಸ್ ಕಂಡುಹಿಡಿದರು' ಅಂತ ನಾವು ಪಾಠದಲ್ಲಿ ಓದ್ತೀವಿ. ಅವರು ಓದಿಸಿ ಅರ್ಥ ಕೊಟ್ಟರು, ಅದು ದೊಡ್ಡ ಕೆಲಸವೇ. ಆದರೆ ಅಕ್ಷರ ಇದೆ ಅನ್ನೋ ಸುದ್ದಿಯನ್ನು ಅಲ್ಲಿಯವರೆಗೆ ಹೊತ್ತು ತಂದವರು ಆ ಬೆಟ್ಟದ ಸುತ್ತಲಿನ ಜನ. ಪುಸ್ತಕದಲ್ಲಿ ಅವರ ಹೆಸರಿಲ್ಲ.

ನಿಮ್ಮೂರ ಗುಡ್ಡದಲ್ಲೂ ಹೆಸರಿರೋ ಗುಂಡುಗಳು ಇರುತ್ತವೆ. ಯಾಕೆ ಆ ಹೆಸರು ಅಂತ ಅಜ್ಜ ಅಜ್ಜಿಯರನ್ನು ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಕಂತಲ್ಲಿ ಸಿಗೋಣ.