ಮೂಳೆ ನೋಡಿ ಕಾಲ ಹೇಳುವುದು ಹೇಗೆ? ಒಂದೊಂದು ಖಂಡಕ್ಕೆ ಒಂದೊಂದು ಲೆಕ್ಕ ಯಾಕೆ?

"ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ" ಎಂಬ ಫೋಟೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದು ಸುಳ್ಳು. ಮೂಲ ಫೋಟೋ ತೆಗೆದದ್ದು 2000ದಲ್ಲಿ, ಅಮೆರಿಕದ ಹೈಡ್ ಪಾರ್ಕ್‌ನಲ್ಲಿ. ಅಲ್ಲಿ ಅಗೆಯುತ್ತಿದ್ದದ್ದು ಆನೆಯ ದೂರದ ಬಂಧುವಾದ ಮಾಸ್ಟೊಡಾನ್ ಎಂಬ ಪ್ರಾಣಿಯ ಮೂಳೆಗಳನ್ನು. 2002ರಲ್ಲಿ ಫೋಟೋ ಎಡಿಟಿಂಗ್ ಸ್ಪರ್ಧೆಯೊಂದಕ್ಕಾಗಿ ಅದರಲ್ಲಿ ಮನುಷ್ಯನ ಅಸ್ಥಿಪಂಜರ ಸೇರಿಸಿದರು.

ಇಂಥ ಫಾರ್ವರ್ಡ್‌ಗಳಲ್ಲಿ "ಇಷ್ಟು ಲಕ್ಷ ವರ್ಷ ಹಳೆಯದು" ಎಂಬ ಮಾತು ಇದ್ದೇ ಇರುತ್ತದೆ. ನಿಜಕ್ಕೂ ಕಾಲ ಗೊತ್ತಾಗುವುದು ಹೇಗೆ?

ಮೂಳೆಯ ಗಾತ್ರದಿಂದ ಗೊತ್ತಾಗುತ್ತದೆಯೇ?

ಇಲ್ಲ. ಮೂಳೆ ಯಾವ ಪ್ರಾಣಿಯದು, ಯಾವ ಪದರದಲ್ಲಿತ್ತು, ಜೊತೆಗೆ ಇನ್ನಾವ ಪ್ರಾಣಿಗಳಿದ್ದವು ಎಂಬುದು ಮುಖ್ಯ. ಹಳೇ ಪೆಟ್ಟಿಗೆಯೊಂದರಲ್ಲಿ 2000 ರೂಪಾಯಿ ನೋಟು ಸಿಕ್ಕಿತು ಅಂದುಕೊಳ್ಳಿ. ಆ ನೋಟು ಬಂದದ್ದೇ 2016ರ ನವೆಂಬರ್‌ನಲ್ಲಿ. ಹಾಗಾಗಿ ಪೆಟ್ಟಿಗೆಗೆ ಬೀಗ ಬಿದ್ದದ್ದು ಅದರ ನಂತರವೇ. ಪಳೆಯುಳಿಕೆಯೂ ಆ ನೋಟಿನಂತೆ.

ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳನ್ನು ನೋಡಿ. ಅಲ್ಲಿನ ಕೆಳಗಿನ ಪದರಗಳಲ್ಲಿ ಕುದುರೆಯೇ ಇಲ್ಲ. ಮೇಲೆ ಬಂದಂತೆ ಮೂರು ಬೆರಳಿನ ಕುದುರೆ ಹಿಪ್ಪೇರಿಯನ್ ಕಾಣಿಸುತ್ತದೆ, ಸುಮಾರು 1.1 ಕೋಟಿ ವರ್ಷಗಳ ಹಿಂದೆ. ಈಗಿನಂತೆ ಒಂದೇ ಗೊರಸಿನ ಕುದುರೆ ಸಿಗುವುದು ಇನ್ನೂ ಮೇಲೆ, ಸುಮಾರು 26 ಲಕ್ಷ ವರ್ಷಗಳ ಹಿಂದಿನ ಪದರಗಳಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಗೈ ಪಿಲ್‌ಗ್ರಿಮ್ 1913ರಲ್ಲೇ ಈ ಪದರಗಳನ್ನು ಪ್ರಾಣಿಗಳ ಆಧಾರದ ಮೇಲೆ ವಿಂಗಡಿಸಿದ್ದರು. ಚಿಂಜಿ, ನಾಗ್ರಿ, ಪಿಂಜೋರ್ ಎಂಬ ಹೆಸರುಗಳೆಲ್ಲ ಊರಿನ ಹೆಸರುಗಳೇ.

ಪ್ರಪಂಚಕ್ಕೆಲ್ಲ ಒಂದೇ ಲೆಕ್ಕ ಸಾಲದೇ?

ಭೂಮಿಯ ಕಾಲಮಾನ ಹೆಚ್ಚಾಗಿ ಕಡಲಜೀವಿಗಳ ಪಳೆಯುಳಿಕೆ ಮೇಲೆ ನಿಂತಿದೆ. ಕಡಲು ಒಂದಕ್ಕೊಂದು ಸೇರಿಕೊಂಡಿರುವುದರಿಂದ ಆ ಜೀವಿಗಳು ದೂರದೂರ ಹರಡುತ್ತವೆ. ನೆಲದ ಸಸ್ತನಿಗಳಿಗೆ ಸಮುದ್ರವೇ ಅಡ್ಡಗೋಡೆ. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗ ಮೂಲತಃ ಭಾರತ ಉಪಖಂಡದ್ದು, ಕಾಂಗರೂ ಆಸ್ಟ್ರೇಲಿಯಾ ಕಡೆಯದು. ಹಿಂದೆಯೂ ಹೀಗೇ ಇತ್ತು. ಹಾಗಾಗಿ ಪ್ರತಿ ಖಂಡಕ್ಕೂ ಅದರದೇ "ನೆಲಸಸ್ತನಿ ಯುಗ"ಗಳ ಪಟ್ಟಿ ಬೇಕಾಯಿತು. ಉತ್ತರ ಅಮೆರಿಕದ ಪಟ್ಟಿಯನ್ನು 1941ರಲ್ಲಿ ಹೊರೇಸ್ ಎಲ್ಮರ್ ವುಡ್ ನೇತೃತ್ವದ ಸಮಿತಿ ಪ್ರಕಟಿಸಿತು.

ಹಾಗಾದರೆ ಪಟ್ಟಿಗಳನ್ನು ಜೋಡಿಸುವುದು ಹೇಗೆ?

ವಲಸೆ ಬಂದ ಪ್ರಾಣಿಗಳಿಂದ. ಹಿಪ್ಪೇರಿಯನ್ ಕುದುರೆಯ ಮೂಲ ಉತ್ತರ ಅಮೆರಿಕ. ಸಮುದ್ರ ಮಟ್ಟ ಇಳಿದಾಗ ಬೇರಿಂಗ್ ಭೂಸೇತುವೆ ದಾಟಿ ಅದು ಏಷ್ಯಾ, ಯುರೋಪ್‌ಗೆ ಹಬ್ಬಿತು. ಎರಡೂ ಕಡೆ ಇರುವ ಇಂಥ ಪ್ರಾಣಿ, ಎರಡು ಕ್ಯಾಲೆಂಡರ್‌ಗಳನ್ನು ಸೇರಿಸುವ ಗಂಟು. ವರ್ಷಗಳ ಅಂಕಿ ಬರುವುದು ಬೇರೆ ದಾರಿಯಿಂದ: ಪದರಗಳ ನಡುವಿನ ಜ್ವಾಲಾಮುಖಿ ಬೂದಿಯ ವಿಕಿರಣ ಪರೀಕ್ಷೆಯಿಂದ, ಕಲ್ಲಿನಲ್ಲಿ ಉಳಿದ ಭೂಕಾಂತದ ದಿಕ್ಕಿನ ಗುರುತಿನಿಂದ.

ನಮ್ಮ ಕಡೆ ಇಂಥ ಮೂಳೆ ಸಿಗುತ್ತದೆಯೇ?

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ತಳಬಂಡೆಗೆ ಸುಮಾರು 250 ಕೋಟಿ ವರ್ಷ ಅಥವಾ ಇನ್ನೂ ಹೆಚ್ಚು ವಯಸ್ಸು. ಸಸ್ತನಿಗಳು ಹುಟ್ಟಿ ಸುಮಾರು 20 ಕೋಟಿ ವರ್ಷವಷ್ಟೇ. ಆದ್ದರಿಂದ "ಬೋರ್‌ವೆಲ್ ಕೊರೆಯುವಾಗ ಬಂಡೆಯೊಳಗೆ ದೈತ್ಯನ ಮೂಳೆ ಸಿಕ್ಕಿತು" ಎಂದು ಯಾರಾದರೂ ಕಳಿಸಿದರೆ ನಂಬಬೇಡಿ.

ಹೊಳೆ, ಹಳ್ಳಗಳು ತಂದು ಹಾಕಿದ ಮಣ್ಣು, ಜಲ್ಲಿಯ ಮಾತು ಬೇರೆ. ಗೋಕಾಕ ಬಳಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದರು. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕಲ್ಲಿನ ಆಯುಧಗಳ ಜೊತೆ ಸಿಕ್ಕ ದನದ ಜಾತಿಯ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂದಿದೆ.

ನಿಮಗೇ ಮೂಳೆ ಸಿಕ್ಕರೆ?

ಕೀಳಬೇಡಿ, ತೊಳೆಯಬೇಡಿ. ಪದರದಿಂದ ಕಿತ್ತ ಮೂಳೆ, ಪೆಟ್ಟಿಗೆಯಿಂದ ಹೊರಬಿದ್ದ ನೋಟಿನಂತೆ; ಪೆಟ್ಟಿಗೆ ಯಾವಾಗ ಮುಚ್ಚಿತ್ತು ಎಂದು ಹೇಳಲಾರದು. ಇದ್ದಲ್ಲೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಪುರಾತತ್ವ ಇಲಾಖೆಗೆ ಅಥವಾ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.

ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಊರು? ಯಾವ ಪದರ? ಜೊತೆಗೆ ಏನೇನು ಸಿಕ್ಕಿತು? ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.